ಬಿದ್ದವನಿಗೆ ಆಳಿಗೊಂದು ಕಲ್ಲು: ಶಾಂಗ್ ವಂಶದ ಕೊನೆಯ ಅರಸನ ಚಿತ್ರ ಬೆಳೆದು ಬಂದ ಬಗೆ

ಪ್ರವೇಶ

ಚೀನಾದ ಸಾಂಪ್ರದಾಯಿಕ ಇತಿಹಾಸಗ್ರಂಥಗಳಲ್ಲಿ ದುಷ್ಟ ಅರಸರ ಮಾತು ಬಂದಾಗಲೆಲ್ಲ ಎರಡು ಹೆಸರುಗಳು ಜೋಡಿಯಾಗಿ ಕಾಣಿಸಿಕೊಳ್ಳುತ್ತವೆ. ಒಂದು ಶಿಯಾ ವಂಶದ ಕೊನೆಯ ಅರಸ ಜಿಯೆಯದು, ಇನ್ನೊಂದು ಶಾಂಗ್ ವಂಶದ ಕೊನೆಯ ಅರಸನದು. ಜಿಯೆಯ ಬಗ್ಗೆ ಸಮಕಾಲೀನ ಬರಹ ಒಂದೂ ಸಿಕ್ಕಿಲ್ಲ. ಶಾಂಗ್ ಅರಸನ ಸಂಗತಿ ಹಾಗಲ್ಲ. ಅವನ ಕಾಲದ ಲಿಪಿ, ಅವನ ರಾಜಧಾನಿಯ ಅವಶೇಷ, ಅವನ ಸೋಲನ್ನು ಹೆಚ್ಚುಕಡಿಮೆ ಆಗಲೇ ದಾಖಲಿಸಿದ ಕಂಚಿನ ಪಾತ್ರೆ, ಎಲ್ಲವೂ ಇಂದು ವಿದ್ವಾಂಸರ ಕೈಯಲ್ಲಿವೆ. ಹೀಗಾಗಿ ಕಥೆಯನ್ನೂ ಪುರಾವೆಯನ್ನೂ ಎದುರುಬದುರು ಇಟ್ಟು ನೋಡಲು ಸಿಗುವ ಅಪರೂಪದ ಪ್ರಾಚೀನ ಅರಸ ಇವನು.

ಇವನ ಹೆಸರಿನ ಬಗ್ಗೆ ಮೊದಲಿಗೇ ಒಂದು ಸ್ಪಷ್ಟನೆ ಬೇಕು. ಶಾಂಗ್ ಸಂಪ್ರದಾಯದಲ್ಲಿ ಇವನು ದಿ ಶಿನ್. ಗೆದ್ದವರ ಪರಂಪರೆ ಇವನಿಗಿಟ್ಟ ನಿಂದೆಯ ಹೆಸರು, ಅವನನ್ನು ಸೋಲಿಸಿದ ಝೌ ವಂಶದ ಹೆಸರು, ಎರಡೂ ಕನ್ನಡ ಲಿಪಿಯಲ್ಲಿ ಒಂದೇ ಆಗಿಬಿಡುತ್ತವೆ. ಗೊಂದಲ ತಪ್ಪಿಸಲು ಈ ಲೇಖನದಲ್ಲಿ ಅರಸನನ್ನು ದಿ ಶಿನ್ ಎಂದೂ, ವಂಶವನ್ನು ಮಾತ್ರ ಝೌ ಎಂದೂ ಕರೆಯಲಾಗಿದೆ.

ಪರಂಪರೆ ಹೇಳುವ ದಿ ಶಿನ್ ಹೆಂಡದ ಕೊಳ ತೋಡಿಸಿದವನು, ಮರಗಳಿಗೆ ಮಾಂಸ ತೂಗುಹಾಕಿ ಕಾಡು ಮಾಡಿದವನು, ಕೆಂಡದ ಮೇಲಿನ ಕಂಚಿನ ಕಂಬದ ಮೇಲೆ ಜನರನ್ನು ನಡೆಸಿದವನು, ಬುದ್ಧಿ ಹೇಳಿದ ಬಂಧುವಿನ ಎದೆ ಸೀಳಿ ಹೃದಯ ನೋಡಿದವನು. 20ನೆಯ ಶತಮಾನದ ಕೆಲವು ಚೀನೀ ಲೇಖಕರಿಗೆ ಇವನೇ ದೇಶವನ್ನು ಒಂದುಗೂಡಿಸಲು ಹೊರಟ ದೊಡ್ಡ ಸೇನಾನಿ. ಈ ಎರಡು ಚಿತ್ರಗಳಲ್ಲಿ ಯಾವುದು ನಿಜ ಎಂದು ಕೇಳುವ ಮೊದಲು, ಪ್ರತಿಯೊಂದು ಗೆರೆಯನ್ನು ಯಾರು, ಯಾವ ಕಾಲದಲ್ಲಿ, ಯಾವ ಅಗತ್ಯಕ್ಕಾಗಿ ಎಳೆದರು ಎಂದು ಕೇಳಬೇಕು. ನಿಂದೆಯಂತೆ ಸಮರ್ಥನೆಯೂ ಆಯಾ ಕಾಲದ ಅಗತ್ಯದಿಂದಲೇ ಹುಟ್ಟಿತು, ಎರಡೂ ಪದರಪದರವಾಗಿ ಬೆಳೆದವು ಎಂಬುದು ಈ ಲೇಖನದ ವಾದ.

ಗೆದ್ದವರ ಮೊದಲ ಆರೋಪಪಟ್ಟಿ

ದಿ ಶಿನ್ ಸೋತದ್ದು ಇಂದಿನ ಹೆನಾನ್ ಪ್ರಾಂತ್ಯದ ಉತ್ತರ ಭಾಗದ ಮುಯೆ ಎಂಬ ಬಯಲಿನಲ್ಲಿ. 1996ರಿಂದ 2000ದವರೆಗೆ ಚೀನಾ ಸರ್ಕಾರದ ಆಶ್ರಯದಲ್ಲಿ ನಡೆದ ಶಿಯಾ-ಶಾಂಗ್-ಝೌ ಕಾಲನಿರ್ಣಯ ಯೋಜನೆ ಈ ಯುದ್ಧದ ವರ್ಷವನ್ನು ಕ್ರಿ.ಪೂ. 1046 ಎಂದು ಗೊತ್ತುಮಾಡಿತು. ಬೇರೆ ವರ್ಷಗಳನ್ನು ಸೂಚಿಸುವ ವಿದ್ವಾಂಸರೂ ಇದ್ದಾರೆ. ಯುದ್ಧ ನಡೆದದ್ದರ ಬಗ್ಗೆ ಮಾತ್ರ ಅನುಮಾನವಿಲ್ಲ. 1976ರಲ್ಲಿ ಶಾನ್ಶಿ ಪ್ರಾಂತ್ಯದ ಲಿಂಟೊಂಗ್‌ನಲ್ಲಿ ಸಿಕ್ಕ 'ಲಿ ಗುಯಿ' ಎಂಬ ಕಂಚಿನ ಪಾತ್ರೆಯ ಪುಟ್ಟ ಬರಹ, ಝೌ ಅರಸ ವೂ ಅರವತ್ತು ದಿನಗಳ ಚಕ್ರದ ಮೊದಲ ದಿನವಾದ 'ಜಿಯಾಝಿ'ಯ ಬೆಳಿಗ್ಗೆ ಶಾಂಗ್ ಮೇಲೆ ಏರಿಹೋದನೆಂದು ಹೇಳುತ್ತದೆ. ಎಂಟನೆಯ ದಿನ ಅರಸ ಲಿ ಎಂಬ ಅಧಿಕಾರಿಗೆ ಲೋಹವನ್ನು ಉಡುಗೊರೆಯಾಗಿ ಕೊಟ್ಟ. ಅವನು ಅದರಿಂದ ಈ ಪಾತ್ರೆ ಮಾಡಿಸಿದ. ಶತಮಾನಗಳ ನಂತರದ ಗ್ರಂಥಗಳೂ ಇದೇ ದಿನವನ್ನು ಹೇಳುತ್ತವೆ. ಆದರೆ ಪಾತ್ರೆಯ ಮೇಲೆ ದಿ ಶಿನ್‌ನ ದುಷ್ಟತನದ ಸುದ್ದಿಯೇ ಇಲ್ಲ.

ಆರೋಪಗಳು ಶುರುವಾಗುವುದು 'ಶಾಂಗ್‌ಶು' ಎಂಬ ಪ್ರಾಚೀನ ದಾಖಲೆಗಳ ಸಂಕಲನದಲ್ಲಿ. ಯುದ್ಧದ ಮುನ್ನ ವೂ ಅರಸ ಸೈನಿಕರ ಮುಂದೆ ಮಾಡಿದನೆನ್ನುವ ಭಾಷಣ, ಕುಡಿತದ ವಿರುದ್ಧ ಝೌ ಅರಸೊತ್ತಿಗೆ ಹೊರಡಿಸಿದ ಆದೇಶ, ಇಂಥ ಹಳೆಯ ಅಧ್ಯಾಯಗಳಲ್ಲಿ ಕಾಣುವ ದೂರುಗಳು ಆರು: ಕುಡಿತ, ಕುಲದ ಹಿರಿಯರನ್ನು ಕಡೆಗಣಿಸಿದ್ದು, ಕೀಳು ಜನರನ್ನು ಹುದ್ದೆಗೇರಿಸಿದ್ದು, ಹೆಂಗಸಿನ ಮಾತು ಕೇಳಿದ್ದು, ತನ್ನ ಭಾಗ್ಯವನ್ನು ದೈವವೇ ಬರೆದಿದೆ ಎಂದು ನಂಬಿ ಕುಳಿತದ್ದು, ಪೂಜೆಬಲಿಗಳನ್ನು ಅಲಕ್ಷಿಸಿದ್ದು. ಇವು ಆಡಳಿತಗಾರನೊಬ್ಬನ ತಪ್ಪುಗಳು, ರಾಕ್ಷಸನ ಕೃತ್ಯಗಳಲ್ಲ. ಕಂಬ, ಕೊಳ, ಹೃದಯ ಯಾವುದೂ ಇಲ್ಲಿಲ್ಲ.

ಈ ಪಟ್ಟಿ ಯಾಕೆ ಬೇಕಾಯಿತು ಎಂಬುದು ಅಂದಿನ ರಾಜಕೀಯದಿಂದ ತಿಳಿಯುತ್ತದೆ. ಝೌ ಜನ ಪಶ್ಚಿಮದ ಕಣಿವೆಯವರು, ಶಾಂಗ್‌ಗೆ ತಲೆಬಾಗಿ ನಡೆದವರು. 1977ರಲ್ಲಿ ಶಾನ್ಶಿಯ ಫೆಂಗ್‌ಚು ಹಳ್ಳಿಯಲ್ಲಿ ಸಿಕ್ಕ ಝೌ ಮೂಳೆಬರಹವೊಂದರಲ್ಲಿ ದಿ ಶಿನ್‌ನ ತಂದೆ ದಿ ಯಿಯ ಪಿತೃಮಂದಿರದ ಉಲ್ಲೇಖವಿದೆ. ಅಂಥವರು ಒಡೆಯನನ್ನು ಹೊಡೆದು ರಾಜ್ಯ ಹಿಡಿದ ಮೇಲೂ ಶಾಂಗ್ ಜನ ತಣ್ಣಗಾಗಲಿಲ್ಲ. ವೂ ಅರಸ ಕೆಲವೇ ವರ್ಷಗಳಲ್ಲಿ ತೀರಿಕೊಂಡಾಗ ದಿ ಶಿನ್‌ನ ಮಗ ವೂ ಗೆಂಗ್ ದಂಗೆಯೆದ್ದ. ಅವನ ಮೇಲೆ ಕಣ್ಣಿಡಲು ನೇಮಿಸಿದ್ದ ಝೌ ರಾಜಕುಮಾರರೇ ಅವನ ಜೊತೆ ಸೇರಿದರು. ದಂಗೆಯನ್ನು ಅಡಗಿಸಿದ ಝೌ ಸರದಾರ ಝೌ ಗೊಂಗ್, ಶಾಂಗ್ ಕುಲೀನರನ್ನು ಲುವೊಯಾಂಗ್ ಬಳಿಯ ಹೊಸ ನಗರಕ್ಕೆ ಸಾಗಿಸಿದ. ಅವರ ಮುಂದೆ ಇಟ್ಟ ವಾದ ಇದು: ಶಾಂಗ್ ವಂಶದ ಸ್ಥಾಪಕ ತಾಂಗ್ ಕೆಟ್ಟ ಶಿಯಾ ಅರಸನಿಂದ ದೈವಾದೇಶ ಪಡೆದಂತೆಯೇ ನಾವೂ ನಿಮ್ಮ ಕೆಟ್ಟ ಅರಸನಿಂದ ಪಡೆದಿದ್ದೇವೆ, ಇದು ದ್ರೋಹವಲ್ಲ. ಈ ವಾದ ನಿಲ್ಲಬೇಕಾದರೆ ಕೊನೆಯ ಅರಸ ಕೆಟ್ಟವನಾಗಿರಲೇಬೇಕಿತ್ತು. ಎಂದರೆ ದಿ ಶಿನ್‌ನ ದುಷ್ಟತನ ಹೊಸ ಅರಸೊತ್ತಿಗೆಯ ಹಕ್ಕುಪತ್ರವಾಯಿತು.

ಝೌ ಅರಸ ಕಾಂಗ್‌ನ 23ನೆಯ ವರ್ಷದ್ದೆನ್ನಲಾದ 'ದಾ ಯು ದಿಂಗ್' ಎಂಬ ಕಂಚಿನ ಕಡಾಯಿಯ ಬರಹವೂ ಶಾಂಗ್ ಅಳಿವಿಗೆ ಕುಡಿತವೇ ಕಾರಣವೆನ್ನುತ್ತದೆ. ಆದರೆ ಅಲ್ಲಿ ದೂರು ಅರಸನೊಬ್ಬನ ಮೇಲಲ್ಲ, ಶಾಂಗ್ ಅಧಿಕಾರಿವರ್ಗದ ಮೇಲೆ. ಶಾಂಗ್ ಸಮಾಧಿಗಳಲ್ಲಿ ಹೆಂಡದ ಪಾತ್ರೆಗಳು ಹೇರಳವಾಗಿ ಸಿಗುವುದನ್ನು ನೋಡಿದರೆ ಈ ದೂರಿಗೆ ಸ್ವಲ್ಪ ಬುಡವಿತ್ತು ಎನಿಸುತ್ತದೆ. ಆದರೂ ಪಿತೃಗಳಿಗೆ ಹೆಂಡ ಒಪ್ಪಿಸುವುದು ಶಾಂಗ್ ಧರ್ಮದ ತಿರುಳು. ಒಂದು ಸಂಸ್ಕೃತಿಯ ಆಚರಣೆ ಇನ್ನೊಂದರ ಬರಹದಲ್ಲಿ ಚಟವಾಗಿ ಕಂಡಿತು. ನಂತರದ ಪೀಳಿಗೆಗಳಲ್ಲಿ ಆ ಚಟ ಇಡೀ ವರ್ಗದಿಂದ ಒಬ್ಬನ ತಲೆಗೆ ಬಂದು ಕೂತಿತು.

ಉಪದೇಶಕರ ಕೈಯಲ್ಲಿ

ಕ್ರಿ.ಪೂ. 5ರಿಂದ 3ನೆಯ ಶತಮಾನದ ಯುದ್ಧರತ ರಾಜ್ಯಗಳ ಕಾಲದಲ್ಲಿ ಚಿತ್ರ ದಪ್ಪವಾಯಿತು. ಆಗ ವಿದ್ವಾಂಸರು ಒಂದು ಆಸ್ಥಾನದಿಂದ ಇನ್ನೊಂದಕ್ಕೆ ಅಲೆಯುತ್ತ ಅರಸರಿಗೆ ಬುದ್ಧಿ ಹೇಳಿ ಬದುಕುತ್ತಿದ್ದರು. ಎದುರಿಗೆ ಕುಳಿತ ದೊರೆಯನ್ನು ನೇರವಾಗಿ ಟೀಕಿಸಿದರೆ ತಲೆ ಹೋದೀತು. ಶತಮಾನಗಳ ಹಿಂದಿನ ಅರಸನನ್ನು ಎಷ್ಟು ಬೈದರೂ ಕೇಳುವವರಿಲ್ಲ. ಹೀಗೆ ದಿ ಶಿನ್ ಎಲ್ಲ ಪಂಥಗಳಿಗೂ ಒದಗುವ ಉದಾಹರಣೆಯಾದ. ದುಂದುಗಾರಿಕೆಯನ್ನು ವಿರೋಧಿಸುವವರಿಗೆ ಅವನು ದುಂದುಗಾರ, ಸಲಹೆ ಕೇಳಿರೆನ್ನುವವರಿಗೆ ಮಂತ್ರಿಗಳನ್ನು ಕೊಂದವನು, ಹೆಣ್ಣಿನ ಪ್ರಭಾವಕ್ಕೆ ಹೆದರುವವರಿಗೆ ದಾಜಿ ಎಂಬ ರಾಣಿಯ ಗುಲಾಮ.

ಆ ಕಾಲದ ಚಿಂತಕ ಹಾನ್ ಫೇ ಹೇಳುವ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ದಿ ಶಿನ್ ದಂತದ ಊಟದ ಕಡ್ಡಿ ಮಾಡಿಸಿದನಂತೆ. ಬಂಧು ಜಿಝಿ ಅದನ್ನು ಕಂಡು ಬೆಚ್ಚಿದ. ದಂತದ ಕಡ್ಡಿ ಬಂದರೆ ಮಣ್ಣಿನ ಬಟ್ಟಲು ಸಾಲದು, ಬಟ್ಟಲು ಬದಲಾದರೆ ಸೊಪ್ಪುಸಾರು ಸಾಲದು, ಊಟ ಬದಲಾದರೆ ಒರಟು ಬಟ್ಟೆಯೂ ಹುಲ್ಲಿನ ಮಾಡೂ ಸಾಲವು ಎಂಬುದು ಅವನ ಲೆಕ್ಕ. ಐದು ವರ್ಷದಲ್ಲಿ ಅರಸ ಹೆಂಡದ ಕೊಳಕ್ಕೆ ಬಂದು ನಿಂತ. ಸಣ್ಣದರಲ್ಲೇ ದೊಡ್ಡದನ್ನು ಕಾಣಬೇಕೆಂಬ ನೀತಿಗೆ ಕಟ್ಟಿದ ದೃಷ್ಟಾಂತವಿದು. ಕೊಳ ಇಲ್ಲಿ ಹುಟ್ಟಿದ್ದು ವಾದದ ತುದಿಯಾಗಿ.

ಇದೇ ಕಾಲದ ಒಂದು ಹಸ್ತಪ್ರತಿ ಕಂಬದ ಶಿಕ್ಷೆಯ ಹಳೆಯ ರೂಪವನ್ನು ತೋರಿಸುತ್ತದೆ. ಶಾಂಘೈ ವಸ್ತುಸಂಗ್ರಹಾಲಯ 1994ರಲ್ಲಿ ಹಾಂಗ್‌ಕಾಂಗ್ ಮಾರುಕಟ್ಟೆಯಿಂದ ಕೊಂಡು 2002ರಲ್ಲಿ ಪ್ರಕಟಿಸಿದ ಬಿದಿರುಪಟ್ಟಿಗಳ ಕೃತಿ 'ರೊಂಗ್‌ಚೆಂಗ್‌ಶಿ'. ಅದರಲ್ಲಿ ಅರಸ ಒಂಬತ್ತು ಅಂತಸ್ತಿನ ಜಗತಿ ಕಟ್ಟಿಸಿ, ಕೆಳಗೆ ಕೆಂಡ ಹಾಕಿಸಿ, ಮೇಲೆ ದುಂಡು ಮರ ಇಡಿಸಿ ಜನರನ್ನು ದಾಟಿಸುತ್ತಾನೆ. ನಂತರದ ಕಥೆಯಲ್ಲಿ ಮರ ಹೋಗಿ ಕಂಚು ಬಂತು, ಅದಕ್ಕೆ ಎಣ್ಣೆ ಬಿತ್ತು, ಬೀಳುವವರನ್ನು ನೋಡಿ ನಗುವ ರಾಣಿ ಬಂದಳು. ಕ್ರಿ.ಪೂ. 1ನೆಯ ಶತಮಾನದಲ್ಲಿ ಲಿಯು ಶಿಯಾಂಗ್ ಸಂಪಾದಿಸಿದ ಸ್ತ್ರೀಚರಿತ್ರೆಗಳ ಗ್ರಂಥದಲ್ಲಿ ಆ ನಗು ದಾಖಲಾಗಿದೆ.

ಈ ಬೆಳವಣಿಗೆಯನ್ನು ಅಂದಿನವರೇ ಗಮನಿಸಿದ್ದರು. ಕನ್ಫ್ಯೂಷಿಯಸ್‌ನ ಶಿಷ್ಯ ಝಿಗೊಂಗ್, ಆ ಅರಸ ಹೇಳುವಷ್ಟು ಕೆಟ್ಟವನಾಗಿರಲಿಲ್ಲ, ತಗ್ಗಿನಲ್ಲಿ ನಿಂತವನ ಕಡೆಗೆ ಲೋಕದ ಕೊಳೆಯೆಲ್ಲ ಹರಿದು ಬರುತ್ತದೆ ಎಂಬರ್ಥದ ಮಾತು ಆಡಿದ್ದು 'ಅನಲೆಕ್ಟ್ಸ್' ಗ್ರಂಥದಲ್ಲಿ ಉಳಿದಿದೆ. ನಮ್ಮ ಗಾದೆ ಇದನ್ನೇ ಬಿದ್ದವನಿಗೆ ಆಳಿಗೊಂದು ಕಲ್ಲು ಎನ್ನುತ್ತದೆ. ಶುನ್‌ಝಿ ಎಂಬ ಚಿಂತಕ ದಿ ಶಿನ್ ಎತ್ತರದ ನಿಲುವಿನ ಚೆಲುವ, ನೂರಾಳಿಗೆ ಸಮನಾದ ಬಲಶಾಲಿ ಎಂದ. ರೂಪ ನೋಡಿ ಗುಣ ಅಳೆಯಬಾರದೆಂಬ ತನ್ನ ವಾದಕ್ಕೆ ಅದು ಬೇಕಿತ್ತು. 'ಝುವೊ ಝುವಾನ್' ಎಂಬ ವೃತ್ತಾಂತಗ್ರಂಥದಲ್ಲಿ ಇನ್ನೂ ಬೇರೆ ದನಿ ಕೇಳಿಸುತ್ತದೆ. ದಿ ಶಿನ್ ಪೂರ್ವದ ಯಿ ಜನರನ್ನು ಗೆದ್ದ, ಅದರಿಂದಲೇ ತನ್ನನ್ನು ಕಳೆದುಕೊಂಡ ಎಂದು ಅದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತದೆ. ಇಲ್ಲಿ ಸೋಲಿಗೆ ಕಾರಣ ಪಾಪವಲ್ಲ, ದಣಿದ ಸೈನ್ಯ. ಎರಡು ಸಾವಿರ ವರ್ಷ ಈ ಸಾಲನ್ನು ಯಾರೂ ಅಷ್ಟಾಗಿ ಎತ್ತಿಕೊಳ್ಳಲಿಲ್ಲ.

ಸೋತವನ ಕ್ರೌರ್ಯ ಬೆಳೆದಂತೆ ಗೆದ್ದವನ ಕ್ರೌರ್ಯ ಅಳಿಸಿಹೋಯಿತು. 'ಯಿ ಝೌ ಶು' ಎಂಬ ಸಂಕಲನದ 'ಶಿ ಫು' ಅಧ್ಯಾಯ, ವೂ ಅರಸ 99 ನಾಡುಗಳನ್ನು ನಾಶಮಾಡಿ 652 ನಾಡುಗಳನ್ನು ಮಣಿಸಿದನೆಂದೂ, ಸೆರೆಯಾದ ಶಾಂಗ್ ಪ್ರಮುಖರನ್ನು ಪಿತೃಗಳಿಗೆ ಬಲಿಕೊಟ್ಟನೆಂದೂ ಬಣ್ಣಿಸುತ್ತದೆ. ಇದರ ಭಾಷೆ ಪಶ್ಚಿಮ ಝೌ ಕಾಲದ ಆರಂಭದ್ದೆಂದು ಎಡ್ವರ್ಡ್ ಶಾನೆಸ್ಸಿ ಮುಂತಾದ ವಿದ್ವಾಂಸರು ವಾದಿಸಿದ್ದಾರೆ. ಇಂಥ ವಿಜಯವನ್ನು ಕನ್ಫ್ಯೂಷಿಯನ್ ಚಿಂತಕ ಮೆನ್ಶಿಯಸ್ ಒಪ್ಪಲಿಲ್ಲ. ಧರ್ಮಿಷ್ಠ ಅರಸ ಅಧರ್ಮಿಯ ಮೇಲೆ ಏರಿಹೋದಾಗ ಒನಕೆ ತೇಲುವಷ್ಟು ರಕ್ತ ಹರಿಯುವುದು ಹೇಗೆ ಎಂದು ಕೇಳಿ ಹಳೆಯ ದಾಖಲೆಯನ್ನೇ ಅನುಮಾನಿಸಿದ. ಅವನ ಸಿದ್ಧಾಂತಕ್ಕೆ ಯುದ್ಧ ಶುದ್ಧವಾಗಿರಬೇಕಿತ್ತು. ಕ್ರೌರ್ಯವೆಲ್ಲ ಒಂದೇ ಕಡೆಗೆ ವಾಲಿದ್ದು ಹೀಗೆ.

ಹಾನ್ ಯುಗ: ಕಥೆಗೆ ಚೌಕಟ್ಟು, ಅರಸರಿಗೆ ಮುಜುಗರ

ಇತಿಹಾಸಕಾರ ಸಿಮಾ ಚಿಯನ್ ಕ್ರಿ.ಪೂ. 1ನೆಯ ಶತಮಾನದ ಆರಂಭದ ವೇಳೆಗೆ ಪೂರೈಸಿದ 'ಶಿಜಿ'ಯಲ್ಲಿ ಚದುರಿದ ಕಥೆಗಳೆಲ್ಲ ಒಂದೇ ಜೀವನಚರಿತ್ರೆಯಾದವು. ಅವನ ದಿ ಶಿನ್ ದಡ್ಡನಲ್ಲ. ಮಾತಿನಲ್ಲಿ ಚುರುಕು, ಬರಿಗೈಯಲ್ಲಿ ಮೃಗಗಳೊಡನೆ ಸೆಣಸುವ ಬಲ, ಬಂದ ಸಲಹೆಯನ್ನು ತಳ್ಳಿಹಾಕಲು ಸಾಕಾಗುವಷ್ಟು ಬುದ್ಧಿ. ಈ ಶಕ್ತಿಯೇ ಅವನನ್ನು ಕೆಡಿಸಿತು ಎಂಬುದು ಕಥನದ ಬಂಧ. ಶಾಛಿಯು ಎಂಬಲ್ಲಿ ಹೆಂಡದ ಕೊಳ, ಮಾಂಸದ ಕಾಡು; ಬುದ್ಧಿ ಹೇಳಿದ ಬಂಧು ಬಿ ಗಾನ್‌ನ ಎದೆ ಸೀಳಿದ್ದು; ಹುಚ್ಚನಂತೆ ನಟಿಸಿದ ಜಿಝಿ; ಕೊನೆಗೆ ರತ್ನಖಚಿತ ಉಡುಪು ತೊಟ್ಟು ಬೆಂಕಿಗೆ ಹಾರಿದ ಅರಸ; ಅವನ ಶವಕ್ಕೆ ಮೂರು ಬಾಣ ಬಿಟ್ಟು ತಲೆ ಕಡಿದು ಧ್ವಜಕ್ಕೆ ಕಟ್ಟಿದ ವೂ. ತೆರಿಗೆ ಹೆಚ್ಚಿಸಿ ಜಿಂಕೆ ಜಗತಿಯೆಂಬ ಕಟ್ಟಡದಲ್ಲಿ ಹಣ ತುಂಬಿದನೆಂದೂ ಇಲ್ಲಿದೆ. ಚೀನಾದಲ್ಲಿ ಲೋಹದ ನಾಣ್ಯ ಚಲಾವಣೆಗೆ ಬಂದದ್ದು ದಿ ಶಿನ್ ಸತ್ತು ಶತಮಾನಗಳ ಮೇಲೆ. ಅರಸನ ಖಜಾನೆಯೂ ಕಥೆ ಹೇಳುವವರ ಕಾಲದ್ದಾಗಿತ್ತು.

ಹಾನ್ ಅರಸರಿಗೆ ಈ ಕಥೆ ಎರಡಲಗಿನ ಕತ್ತಿ. ಜಿಂಗ್ ಚಕ್ರವರ್ತಿಯ (ಆಳ್ವಿಕೆ ಕ್ರಿ.ಪೂ. 157-141) ಮುಂದೆ ನಡೆದ ವಾಗ್ವಾದವನ್ನು 'ಶಿಜಿ'ಯೇ ದಾಖಲಿಸಿದೆ. ಟೋಪಿ ಎಷ್ಟು ಹಳತಾದರೂ ತಲೆಯ ಮೇಲೇ ಇರಬೇಕು, ಪಾದರಕ್ಷೆ ಎಷ್ಟು ಹೊಸದಾದರೂ ಕಾಲಲ್ಲೇ ಇರಬೇಕು, ಆದ್ದರಿಂದ ವೂ ಮಾಡಿದ್ದು ರಾಜಹತ್ಯೆ ಎಂದ ಹುವಾಂಗ್ ಶೆಂಗ್. ಹಾಗಿದ್ದರೆ ನಮ್ಮ ವಂಶಸ್ಥಾಪಕ ಛಿನ್ ರಾಜ್ಯವನ್ನು ಕಿತ್ತುಕೊಂಡದ್ದೂ ತಪ್ಪೇ ಎಂದು ಯುವಾನ್ ಗು ಮರುಪ್ರಶ್ನೆ ಹಾಕಿದ. ಚಕ್ರವರ್ತಿಗೆ ಎರಡೂ ಉತ್ತರ ಬೇಡ. ವಿಷವೆಂದು ನಂಬಲಾದ ಕುದುರೆಯ ಯಕೃತ್ತನ್ನು ತಿನ್ನದವನಿಗೆ ಮಾಂಸದ ರುಚಿ ಗೊತ್ತಿಲ್ಲವೆನ್ನಲಾಗದು ಎಂದು ಹೇಳಿ ಚರ್ಚೆ ಮುಚ್ಚಿಸಿದ. ದುಷ್ಟ ಅರಸನನ್ನು ಕೊಲ್ಲುವುದು ರಾಜಹತ್ಯೆಯಲ್ಲ ಎಂಬ ಮೆನ್ಶಿಯಸ್‌ನ ನಿಲುವು ಮುಂದೆಯೂ ಸಿಂಹಾಸನಗಳನ್ನು ಚುಚ್ಚುತ್ತಲೇ ಇತ್ತು. ಮಿಂಗ್ ವಂಶಸ್ಥಾಪಕ ಝು ಯುವಾನ್‌ಝಾಂಗ್ 1394ರಲ್ಲಿ ಮೆನ್ಶಿಯಸ್‌ನ ಗ್ರಂಥದಿಂದ 85 ಭಾಗಗಳನ್ನು ತೆಗೆಸಿ ಸಂಕ್ಷಿಪ್ತ ಆವೃತ್ತಿ ಮಾಡಿಸಿದ. ಎಂದರೆ ದಿ ಶಿನ್‌ನನ್ನು ದುಷ್ಟನೆನ್ನುವುದು ಅರಸೊತ್ತಿಗೆಗೆ ಅನುಕೂಲ. ದುಷ್ಟನಾದ್ದರಿಂದ ಅವನನ್ನು ಕೊಂದದ್ದು ಸರಿ ಎನ್ನುವುದು ಅಪಾಯ.

ಕಥೆಯನ್ನು ತರ್ಕದ ಒರೆಗೆ ಹಚ್ಚಿದವನು ಕ್ರಿ.ಶ. 1ನೆಯ ಶತಮಾನದ ವಾಂಗ್ ಚುಂಗ್. 'ಲುನ್‌ಹೆಂಗ್' ಕೃತಿಯಲ್ಲಿ ಅತಿಶಯೋಕ್ತಿಗಳಿಗೇ ಅಧ್ಯಾಯಗಳನ್ನು ಮೀಸಲಿಟ್ಟ ಈತ ಹೆಂಡದ ಕೊಳದ ಸುತ್ತ ಮೂರು ಸಾವಿರ ಜನ ಎತ್ತುಗಳಂತೆ ಕುಡಿದರೆಂಬುದನ್ನು ಲೆಕ್ಕಹಾಕಿ ತಳ್ಳಿಹಾಕಿದ. ಅರಸನ ಜೊತೆ ಕುಡಿಯಲು ಕೂರುವವರು ದೊಡ್ಡ ಅಧಿಕಾರಿಗಳು. ಅವರು ಮೂರು ಸಾವಿರ ಎಲ್ಲಿಂದ ಬಂದರು? ಸಾಂಗ್ ಕಾಲದ ಲುವೊ ಬಿಯೂ ಜಿಯೆ ಮತ್ತು ದಿ ಶಿನ್ ಕಥೆಗಳಲ್ಲಿ ಬಹುಪಾಲು ಸತ್ಯವಲ್ಲವೆಂದು ಬರೆದ. ಇಬ್ಬರ ಅಪರಾಧಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು. ಆದರೆ ಇಂಥ ಅನುಮಾನ ವಿದ್ವಾಂಸರ ಓದುಕೋಣೆ ದಾಟಲಿಲ್ಲ. 3ನೆಯ ಶತಮಾನದ ಹುವಾಂಗ್‌ಫು ಮಿ ಅರಸರ ವಂಶಾವಳಿ ಬರೆಯುವಾಗ, ದಿ ಶಿನ್ ಝೌ ಅರಸ ವೆನ್‌ನ ಹಿರಿಯ ಮಗನನ್ನು ಕೊಂದು ಸಾರು ಮಾಡಿಸಿ ತಂದೆಗೇ ಉಣಿಸಿದನೆಂಬ ಕಥೆಯನ್ನೂ ಸೇರಿಸಿಕೊಂಡ.

ನರಿಯ ಪ್ರವೇಶ

ಜನಸಾಮಾನ್ಯರ ದಿ ಶಿನ್ ರೂಪುಗೊಂಡದ್ದು ಗ್ರಂಥಗಳಿಗಿಂತ ಕಥೆಗಾರರ ಬಾಯಲ್ಲಿ. ಯುವಾನ್ ಕಾಲದಲ್ಲಿ, 1321-23ರ ಸುಮಾರಿಗೆ ಅಚ್ಚಾದ ಸಚಿತ್ರ ಕಥಾಪುಸ್ತಕವೊಂದರಲ್ಲಿ ರಾಣಿ ದಾಜಿಯ ಮೈಯನ್ನು ಒಂಬತ್ತು ಬಾಲದ ನರಿ ಹೊಕ್ಕಿದೆ. 16ನೆಯ ಶತಮಾನದ ನೂರು ಅಧ್ಯಾಯಗಳ ಕಾದಂಬರಿ 'ಫೆಂಗ್‌ಶೆನ್ ಯೆನ್‌ಯಿ' ಇದನ್ನು ದೇವಲೋಕದ ವ್ಯಾಜ್ಯವಾಗಿ ಬೆಳೆಸಿತು. ಅರಸ ನ್ಯೂವಾ ದೇವಿಯ ಗುಡಿಗೆ ಹೋಗಿ ಮೂರ್ತಿಯ ಚೆಲುವಿಗೆ ಸೋತು ಗೋಡೆಯ ಮೇಲೆ ಶೃಂಗಾರಪದ್ಯ ಬರೆಯುತ್ತಾನೆ. ಕೆರಳಿದ ದೇವಿ ನರಿಯನ್ನೂ ಇನ್ನೆರಡು ಮಾಯಾವಿಗಳನ್ನೂ ಅವನ ಅರಮನೆಗೆ ಕಳಿಸುತ್ತಾಳೆ. ಇಲ್ಲಿಂದ ಮುಂದೆ ಶಾಂಗ್ ಪತನಕ್ಕೆ ಕಾರಣ ಆಡಳಿತವೂ ಅಲ್ಲ, ಸೈನ್ಯವೂ ಅಲ್ಲ, ದೇವಿಯ ಮುನಿಸು ಮತ್ತು ಹೆಣ್ಣುರೂಪದ ಮಾಯೆ.

ಜಪಾನಿನಲ್ಲಿ ಈ ನರಿಯ ಪ್ರಯಾಣ ಇನ್ನೂ ಮುಂದುವರಿಯಿತು. ಅಲ್ಲಿನ ಕಥೆಯಂತೆ ದಾಜಿಯಾಗಿದ್ದ ನರಿ ಆಮೇಲೆ ಭಾರತಕ್ಕೆ ಬಂದು ಹಾನ್‌ಝೊಕು ರಾಜಕುಮಾರನ ಮಡದಿಯಾಗಿ, ಕೊನೆಗೆ ಟೊಬಾ ಚಕ್ರವರ್ತಿಯ ಆಸ್ಥಾನದಲ್ಲಿ ತಮಾಮೊ ನೊ ಮಾಏ ಎಂಬ ಸುಂದರಿಯಾಯಿತು. ಈ ಹಾನ್‌ಝೊಕು ನಮ್ಮ ಪುರಾಣಗಳ ಕಲ್ಮಾಷಪಾದನೇ. ಬೌದ್ಧ ಗ್ರಂಥಗಳ ದಾರಿಯಲ್ಲಿ ಜಪಾನ್ ತಲುಪಿದ ನರಭಕ್ಷಕ ಅರಸ ಚೀನಾದ ದುಷ್ಟ ಅರಸನ ರಾಣಿಯನ್ನು ಕೈಹಿಡಿದದ್ದು ಏಷ್ಯಾದ ಕಥೆಗಳು ಒಂದರೊಳಗೊಂದು ಹೆಣೆದುಕೊಂಡ ರೀತಿಗೆ ಸಾಕ್ಷಿ.

ಕಾದಂಬರಿಯ ತೀರ್ಪು ಮಾತ್ರ ಇತಿಹಾಸಗ್ರಂಥಗಳಷ್ಟು ಕಠಿಣವಲ್ಲ. ಕೊನೆಯಲ್ಲಿ ಸತ್ತವರಿಗೆಲ್ಲ ದೈವಪದವಿ ಹಂಚುವಾಗ ದಿ ಶಿನ್‌ಗೂ ಒಂದು ಸ್ಥಾನ ಸಿಗುತ್ತದೆ. ಅವನು ಮಂಗಳಕಾರ್ಯಗಳಿಗೆ ಸಂಬಂಧಿಸಿದ 'ತಿಯೆನ್‌ಶಿ' ನಕ್ಷತ್ರದ ಅಧಿಪತಿ. ಅವನಿಂದ ಹತನಾದ ಬಿ ಗಾನ್ ಜನಪದ ನಂಬಿಕೆಯಲ್ಲಿ ಸಂಪತ್ತಿನ ದೇವರಾದ. ಹೃದಯವೇ ಇಲ್ಲದವನು ಪಕ್ಷಪಾತ ಮಾಡಲಾರ ಎಂಬುದು ಅದಕ್ಕೆ ಕೊಡುವ ಕಾರಣ. ಹೆನಾನ್‌ನ ವೇಯ್‌ಹುಯಿಯಲ್ಲಿ ಅವನ ಗುಡಿಯಿದೆ. ಉತ್ತರ ವೇಯ್ ಚಕ್ರವರ್ತಿ ಶಿಯಾವೊವೆನ್ 494ರಲ್ಲಿ ಅಲ್ಲಿ ಶೋಕಬರಹದ ಶಾಸನ ನಿಲ್ಲಿಸಿದ್ದ. ಉತ್ತರದ ಅಲೆಮಾರಿ ಮೂಲದ ಆ ಚಕ್ರವರ್ತಿಗೆ ತಾನು ಚೀನೀ ಪರಂಪರೆಯ ವಾರಸುದಾರನೆಂದು ತೋರಿಸಿಕೊಳ್ಳಬೇಕಿತ್ತು. ದಿ ಶಿನ್ ಬಲಿಪಡೆದವನಿಗೆ ಗೌರವ ಸಲ್ಲಿಸುವುದು ಅದಕ್ಕೆ ಒಳ್ಳೆಯ ದಾರಿಯಾಯಿತು.

ಎಪ್ಪತ್ತು ಅಪರಾಧಗಳ ಲೆಕ್ಕ

ಈ ಬೆಳವಣಿಗೆಗೆ ಮೊದಲ ಬಾರಿ ಕಾಲಾನುಕ್ರಮದ ಪಟ್ಟಿ ಮಾಡಿದವರು ಗು ಜಿಯೆಗಾಂಗ್ (1893-1980). ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಓದುವಾಗ ನಾಟಕದ ಗೀಳು ಹಿಡಿಸಿಕೊಂಡಿದ್ದ ಇವರು, ಒಂದೇ ಕಥೆ ಬೇರೆ ಬೇರೆ ಆಟಗಳಲ್ಲಿ ಬೇರೆಯಾಗುವುದನ್ನು ಕಂಡು ಇತಿಹಾಸವೂ ಹೀಗೇ ಬೆಳೆಯುತ್ತದೆ ಎಂದು ಯೋಚಿಸತೊಡಗಿದರು. ಕಾಲ ಮುಂದೆ ಸರಿದಷ್ಟೂ ಪ್ರಾಚೀನ ಇತಿಹಾಸ ಉದ್ದವಾಗುತ್ತದೆ, ಕಥಾನಾಯಕ ದೊಡ್ಡವನಾಗುತ್ತಾನೆ ಎಂಬ 'ಪದರಗಟ್ಟುವಿಕೆ'ಯ ಸಿದ್ಧಾಂತವನ್ನು 1923ರಲ್ಲಿ ಮಂಡಿಸಿದರು. ಮರುವರ್ಷ ದಿ ಶಿನ್ ಮೇಲೆ ಹೊರಿಸಿದ 70 ಅಪರಾಧಗಳು ಯಾವ ಕ್ರಮದಲ್ಲಿ ಹುಟ್ಟಿದವು ಎಂಬ ಲೇಖನವನ್ನು ಪ್ರಕಟಿಸಿದರು.

ಅವರ ಎಣಿಕೆಯಲ್ಲಿ 'ಶಾಂಗ್‌ಶು'ವಿನ ನಂಬಲರ್ಹ ಭಾಗದಲ್ಲಿದ್ದವು 6. ಯುದ್ಧರತ ರಾಜ್ಯಗಳ ಕಾಲದ ಗ್ರಂಥಗಳು 27 ಸೇರಿಸಿದವು, ಪಶ್ಚಿಮ ಹಾನ್ ಕಾಲದವು 23, ಪೂರ್ವ ಹಾನ್ ಕಾಲದ್ದು 1, ಪೂರ್ವ ಜಿನ್ ಕಾಲದವು 13. ಘಟನೆಯಿಂದ ದೂರವಾದಷ್ಟೂ ಮಾಹಿತಿ ಕಡಿಮೆಯಾಗಬೇಕು. ಇಲ್ಲಿ ಹೆಚ್ಚುತ್ತ ಹೋಯಿತು. ಪ್ರತಿ ಆರೋಪಕ್ಕೂ ಮೊದಲು ಕಾಣಿಸಿಕೊಂಡ ಗ್ರಂಥವನ್ನು ಹುಡುಕಿ ತೋರಿಸಿದ್ದು ಗು ಅವರ ವಿಧಾನದ ಬಲ. ಅದಕ್ಕೆ ಮಿತಿಯೂ ಇದೆ. ಗ್ರಂಥದಲ್ಲಿ ತಡವಾಗಿ ಕಾಣಿಸಿದ್ದು ತಡವಾಗಿಯೇ ಹುಟ್ಟಿತೆಂದು ಹೇಳಲು ಬಾರದು, ಕಳೆದುಹೋದ ಗ್ರಂಥಗಳು ಸಾಕಷ್ಟಿವೆ. ಬಿದಿರುಪಟ್ಟಿಗಳ 'ರೊಂಗ್‌ಚೆಂಗ್‌ಶಿ' ಬೆಳಕಿಗೆ ಬಂದಾಗ ಕೆಲವು ವಿವರಗಳು ಅದುವರೆಗೆ ತಿಳಿದಿದ್ದಕ್ಕಿಂತ ಹಳೆಯವೆಂದು ಗೊತ್ತಾಯಿತು. ಆದರೂ ದುಷ್ಟತನ ಕಾಲಕಾಲಕ್ಕೆ ಊದಿಕೊಂಡಿತು ಎಂಬ ಮೂಲ ಮಾತು ಅಲುಗಿಲ್ಲ.

ಇಂಥ ಪ್ರಶ್ನೆ ಕೇಳುವುದು ಆಗ ಬರೀ ವಿದ್ವತ್ತಿನ ವಿಷಯವಾಗಿರಲಿಲ್ಲ. ಪುರಾಣಕಾಲದ ಅರಸರನ್ನು ಇತಿಹಾಸವೆಂದು ಒಪ್ಪದ ಗು ಅವರ ಶಾಲಾ ಪಠ್ಯಪುಸ್ತಕವನ್ನು 1929ರಲ್ಲಿ ರಾಷ್ಟ್ರೀಯವಾದಿ ಸರ್ಕಾರ ನಿಷೇಧಿಸಿತು. ಪೂರ್ವಜರನ್ನು ಅಲ್ಲಗಳೆದರೆ ರಾಷ್ಟ್ರದ ಬೇರು ಸಡಿಲವಾದೀತೆಂಬ ಅಂಜಿಕೆ ಅದರ ಹಿಂದಿತ್ತು.

ಮೂಳೆಗಳ ಸಾಕ್ಷ್ಯ

ಗು ಗ್ರಂಥಗಳನ್ನು ಎಣಿಸುತ್ತಿದ್ದ ಹೊತ್ತಿಗೇ ಬೇರೆ ಬಗೆಯ ಆಧಾರ ಮಣ್ಣಿನಿಂದ ಮೇಲೆದ್ದು ಬರುತ್ತಿತ್ತು. ಶಾಂಗ್ ಅರಸರು ದನದ ಭುಜದ ಮೂಳೆ, ಆಮೆಚಿಪ್ಪುಗಳನ್ನು ಕಾಯಿಸಿ ಬಿರುಕು ನೋಡಿ ಶಕುನ ಕೇಳುತ್ತಿದ್ದರು. ಪ್ರಶ್ನೆಯನ್ನು ಅಲ್ಲೇ ಕೊರೆಯುತ್ತಿದ್ದರು. ಈ ಬರಹಗಳನ್ನು 1899ರಲ್ಲಿ ವಾಂಗ್ ಯಿರೊಂಗ್ ಗುರುತಿಸಿದರು. 1928ರಿಂದ ಆನ್ಯಾಂಗ್ ಬಳಿಯ ಯಿನ್‌ಶುವಿನಲ್ಲಿ ಅಕಾಡೆಮಿಯಾ ಸಿನಿಕಾ ಸಂಸ್ಥೆಯ ದೊಂಗ್ ಝುವೊಬಿನ್, ಲಿ ಜಿ ಮುಂತಾದವರ ಉತ್ಖನನ ಶುರುವಾಯಿತು. 2006ರಲ್ಲಿ ಈ ನೆಲೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಹಳೆಯ ಆರು ಆರೋಪಗಳಲ್ಲಿ ಎರಡನ್ನು ಈ ಮೂಳೆಗಳೊಂದಿಗೆ ನೇರವಾಗಿ ಹೋಲಿಸಬಹುದು. ಮೊದಲನೆಯದು ಪೂಜೆಯ ಅಲಕ್ಷ್ಯ. ಶಾಂಗ್‌ನ ಕೊನೆಯ ಅರಸರ ಕಾಲದ ಬರಹಗಳು ತೋರಿಸುವುದು ಇದಕ್ಕೆ ತೀರ ಉಲ್ಟಾ. ಪಿತೃಗಳಿಗೆ ಐದು ಬಗೆಯ ಬಲಿಗಳನ್ನು ಹತ್ತು ದಿನಗಳ ವಾರದ ಲೆಕ್ಕದಲ್ಲಿ ಸರದಿ ತಪ್ಪದೆ ಸಲ್ಲಿಸುವ ಪದ್ಧತಿ ಆಗ ಪೂರ್ಣ ರೂಪಕ್ಕೆ ಬಂದಿತ್ತು. ಒಂದು ಸುತ್ತು ಮುಗಿಯಲು 36 ಇಲ್ಲವೇ 37 ವಾರ, ಅಂದರೆ ಸುಮಾರು ಒಂದು ವರ್ಷ ಹಿಡಿಯುತ್ತಿತ್ತು. ವರ್ಷಗಳ ಲೆಕ್ಕವನ್ನೇ ಬಲಿಯ ಸುತ್ತಿಗೆ ಕಟ್ಟಿದ್ದ ಆಸ್ಥಾನ ಪೂಜೆ ಮರೆಯಿತು ಎನ್ನುವುದು ಕಷ್ಟ. ಈ ಸರದಿಯಲ್ಲಿ ಶಾಂಗ್ ಪಿತೃಗಳಿಗೆ ಮಾತ್ರ ಜಾಗವಿತ್ತು; ಇತರ ದೈವಗಳು ಹಿನ್ನೆಲೆಗೆ ಸರಿದಿದ್ದವು. ಹೊರಗಿನ ಕುಲಗಳಿಗೆ ಇದೇ ಅಲಕ್ಷ್ಯವಾಗಿ ಕಂಡಿರುವ ಸಾಧ್ಯತೆಯುಂಟು.

ಎರಡನೆಯದು ಹೆಂಗಸಿನ ಮಾತು. 1976ರಲ್ಲಿ ಯಿನ್‌ಶುವಿನಲ್ಲಿ ಕಳ್ಳರ ಕೈ ಸೋಂಕದ ಫು ಹಾವೊ ಸಮಾಧಿ ಸಿಕ್ಕಿತು. ದಿ ಶಿನ್‌ಗಿಂತ ಸುಮಾರು ಒಂದೂವರೆ ಶತಮಾನ ಹಿಂದಿನ ವೂ ದಿಂಗ್ ಅರಸನ ರಾಣಿ ಈಕೆ. ಬಲಿಕಾರ್ಯ ನಡೆಸಿದವಳು, 13,000 ಜನರ ಸೈನ್ಯದೊಡನೆ ಯುದ್ಧಕ್ಕೆ ಹೋಗುವುದರ ಬಗ್ಗೆ ಶಕುನ ಕೇಳಿಸಿಕೊಂಡವಳು. ಶಾಂಗ್ ಅರಮನೆಯಲ್ಲಿ ರಾಣಿ ರಾಜಕಾರಣದಲ್ಲಿರುವುದು ವಿಶೇಷವಲ್ಲ. ಅದನ್ನು ಅಪರಾಧವಾಗಿ ಕಂಡದ್ದು ಝೌ ಕಣ್ಣು. ದಾಜಿಯ ಹೆಸರನ್ನು ಮೂಳೆಬರಹಗಳಲ್ಲಿ ಖಚಿತವಾಗಿ ಗುರುತಿಸಲು ಸಾಧ್ಯವಾಗಿಲ್ಲ.

ಕ್ರೌರ್ಯದ ಪ್ರಶ್ನೆಯಲ್ಲಿ ಎಚ್ಚರ ಬೇಕು. ಶಾಂಗ್ ಅರಸರು ನರಬಲಿ ಕೊಡುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಹು ಹೌಶುವಾನ್ ಮೂಳೆಬರಹಗಳಿಂದ ಎಣಿಸಿದಂತೆ ಬಲಿಯಾದವರು 13,000ಕ್ಕೂ ಹೆಚ್ಚು. ಅವರಲ್ಲಿ 9,000ಕ್ಕೂ ಹೆಚ್ಚು ವೂ ದಿಂಗ್ ಕಾಲದವರು. ಕೊನೆಯ ಇಬ್ಬರು ಅರಸರ ಕಾಲದ ಪಾಲು ಬಹಳ ಸಣ್ಣದು. ಗ್ರಂಥಪರಂಪರೆಯಲ್ಲಿ ವೂ ದಿಂಗ್ ಆದರ್ಶ ಅರಸ, ದಿ ಶಿನ್ ಕ್ರೂರಿ. ಮೂಳೆಗಳ ಎಣಿಕೆಯಲ್ಲಿ ಸ್ಥಾನ ಅದಲುಬದಲು. ಇದನ್ನೇ ಹಿಡಿದು ದಿ ಶಿನ್ ನರಬಲಿಯನ್ನು ನಿಲ್ಲಿಸಿದ ಸುಧಾರಕನೆಂದು ಇಂದು ಪ್ರಚಾರದಲ್ಲಿರುವ ಮಾತು ಪುರಾವೆಯನ್ನು ಮೀರಿದ್ದು. ಕೊನೆಯ ಕಾಲದ ಬರಹಗಳ ವಿಷಯವ್ಯಾಪ್ತಿಯೇ ಕಿರಿದು, ಶಕುನ ಕೇಳುವ ಪದ್ಧತಿಯೂ ಬದಲಾಗಿತ್ತು. ಬರೆಯದೆ ಬಿಟ್ಟದ್ದೆಲ್ಲ ನಡೆಯದೆ ಹೋದದ್ದಲ್ಲ.

ಖಳನಿಂದ ಏಕೀಕರಣಕಾರನತ್ತ

ಮೂಳೆಗಳಲ್ಲಿ ಸಮೃದ್ಧವಾಗಿ ಕಾಣುವುದು ಪೂರ್ವದ ರೆನ್‌ಫಾಂಗ್ ಜನರ ಮೇಲಿನ ದಂಡಯಾತ್ರೆ. ಸೈನ್ಯ ಎಲ್ಲಿ ತಂಗಿತು, ಯಾವ ದಿನ ಶಕುನ ಕೇಳಿತು ಎಂಬ ವಿವರಗಳನ್ನು ಜೋಡಿಸಿ ದೊಂಗ್ ಝುವೊಬಿನ್ ಇದನ್ನು ದಿ ಶಿನ್‌ನ ಆಳ್ವಿಕೆಯ ಹತ್ತನೆಯ ವರ್ಷಕ್ಕೆ ಇಟ್ಟರು. ಇದು ಅವನ ತಂದೆಯ ಕಾಲದ್ದೆನ್ನುವ ವಿದ್ವಾಂಸರೂ ಇದ್ದಾರೆ. 'ಝುವೊ ಝುವಾನ್' ಗ್ರಂಥದ ಮರೆತ ಸಾಲಿಗೆ ಹೀಗೆ ಬಲ ಬಂತು.

ಈ ಸಾಲಿನ ಮೇಲೆ ಹೊಸ ಚಿತ್ರ ಕಟ್ಟಿದವರಲ್ಲಿ ಗುವೊ ಮೊರುವೊ ಪ್ರಮುಖರು. ಕವಿ, ನಾಟಕಕಾರ, ಮೂಳೆಬರಹಗಳ ವಿದ್ವಾಂಸ, ಚೀನೀ ವಿಜ್ಞಾನ ಅಕಾಡೆಮಿಯ ಅಧ್ಯಕ್ಷ, ಎಲ್ಲವೂ ಆಗಿದ್ದ ಗುವೊ, ಪೂರ್ವ ಮತ್ತು ಆಗ್ನೇಯ ಚೀನಾವನ್ನು ಮಧ್ಯದ ಬಯಲಿಗೆ ಬೆಸೆದ ಕೀರ್ತಿ ದಿ ಶಿನ್‌ಗೆ ಸಲ್ಲಬೇಕೆಂದರು. 1959ರಲ್ಲಿ ಆನ್ಯಾಂಗ್ ನೋಡಿ ಬರೆದ ಪದ್ಯದಲ್ಲಿ ದೇಶದ ಏಕೀಕರಣ ಇವನಿಂದಲೇ ಶುರುವೆಂಬ ಭಾವವಿದೆ. ಅದೇ ವರ್ಷ ಅವರು ಇನ್ನೊಬ್ಬ ಪ್ರಸಿದ್ಧ 'ಖಳ' ಛಾವೊ ಛಾವೊನ ಪರವಾಗಿಯೂ ಬರೆದರು. ಮಾವೊ ತ್ಸೆ ತುಂಗ್ ಸಹ 1950ರ ದಶಕದ ಕೊನೆಯಲ್ಲಿ ದಿ ಶಿನ್, ಛಿನ್ ಶಿ ಹುವಾಂಗ್, ಛಾವೊ ಛಾವೊ ಮೂವರನ್ನೂ ಕೆಟ್ಟವರೆನ್ನುವುದು ತಪ್ಪೆಂಬ ಅರ್ಥದಲ್ಲಿ ಮಾತಾಡಿದರು.

ಈ ಸಮರ್ಥನೆ ಹುಟ್ಟಿದ ಕಾಲವನ್ನು ಮರೆಯುವಂತಿಲ್ಲ. ದಶಕಗಳ ಅಂತರ್ಯುದ್ಧ, ಜಪಾನಿನ ಆಕ್ರಮಣ ದಾಟಿ ಆಗಷ್ಟೇ ಒಂದಾಗಿದ್ದ ಹೊಸ ಗಣರಾಜ್ಯಕ್ಕೆ ಒಂದುಗೂಡಿಸಿದವರೆಲ್ಲ ಪೂರ್ವಜರಾಗಿ ಬೇಕಾಗಿದ್ದರು. ಕನ್ಫ್ಯೂಷಿಯನ್ ನೀತಿಗೆ ಕ್ರೂರಿಯಾದವನು ಆ ನೀತಿಯನ್ನೇ ತಿರಸ್ಕರಿಸಿದ ಕ್ರಾಂತಿಗೆ ಸಹಜವಾಗಿ ಹತ್ತಿರವಾದ. ಆದರೆ ರೆನ್‌ಫಾಂಗ್ ಮೇಲೆ ದಂಡೆತ್ತಿ ಹೋದ ಅರಸನ ತಲೆಯಲ್ಲಿ ಏಕೀಕೃತ ದೇಶವೆಂಬ ಕಲ್ಪನೆಯಿತ್ತೆಂದು ಯಾವ ಮೂಳೆಯೂ ಹೇಳುವುದಿಲ್ಲ. ಬಹುಶಃ ಕಾರಣ ಇನ್ನೂ ಲೌಕಿಕ. ಶಾನ್‌ಡಾಂಗ್ ಪ್ರಾಂತ್ಯದ ಶೌಗುವಾಂಗ್ ಬಳಿಯ ಶುವಾಂಗ್‌ವಾಂಗ್‌ಚೆಂಗ್ ಮುಂತಾದ ಕಡೆ ಶಾಂಗ್ ಅಂತ್ಯಕಾಲದ ದೊಡ್ಡ ಉಪ್ಪಿನ ಬಟ್ಟಿಗಳು ಅಗೆತದಲ್ಲಿ ಸಿಕ್ಕಿವೆ. ಒಳನಾಡಿನ ರಾಜಧಾನಿಗೆ ಕರಾವಳಿಯ ಉಪ್ಪು ಜೀವನಾಧಾರ. ಪೂರ್ವದ ದಾರಿ ಕೈತಪ್ಪದಂತೆ ನೋಡಿಕೊಳ್ಳಲು ಅಷ್ಟು ಸಾಕು.

ಜನಪ್ರಿಯ ಮಾಧ್ಯಮದಲ್ಲೂ ಚಿತ್ರ ಮಗ್ಗಲು ಬದಲಿಸುತ್ತಿದೆ. ವುಅರ್‌ಶಾನ್ ನಿರ್ದೇಶನದಲ್ಲಿ 2023ರಲ್ಲಿ ತೆರೆಕಂಡ 'ಕ್ರಿಯೇಷನ್ ಆಫ್ ದಿ ಗಾಡ್ಸ್' ಚಿತ್ರ 'ಫೆಂಗ್‌ಶೆನ್' ಕಥೆಯನ್ನೇ ಆಧರಿಸಿದ್ದರೂ ಅರಸ ಅಲ್ಲಿ ನರಿಗೆ ಮರುಳಾದವನಲ್ಲ. ಅಧಿಕಾರದ ಹಸಿವಿರುವ, ಆಕರ್ಷಕ ಮೋಡಿಯ, ಲೆಕ್ಕಾಚಾರದ ಮನುಷ್ಯ ಅವನು. ದಾಜಿ ಅವನ ಇಚ್ಛೆಗೆ ಸಾಧನ ಮಾತ್ರ. ಮೂರು ಸಾವಿರ ವರ್ಷ ಹೆಣ್ಣಿನ ಹೆಗಲಿಗಿದ್ದ ತಪ್ಪನ್ನು ಚಿತ್ರ ಗಂಡಿನ ಹೆಗಲಿಗೆ ವರ್ಗಾಯಿಸಿತು. ಇದೂ ನಮ್ಮ ಕಾಲದ ಅಗತ್ಯವೇ.

ಸಮಾರೋಪ

ಮೊದಲ ಪದರದ ಕೆಲಸ ಝೌ ವಿಜಯಕ್ಕೆ ನ್ಯಾಯ ಒದಗಿಸುವುದು. ಎರಡನೆಯದರ ಕೆಲಸ ದೊರೆಗಳಿಗೆ ಅಪಾಯವಿಲ್ಲದೆ ಬುದ್ಧಿ ಹೇಳುವುದು. ಹಾನ್ ಇತಿಹಾಸಕಾರರು ಅದಕ್ಕೆ ಕಥಾಶರೀರ ಕೊಟ್ಟರು, ಕಾದಂಬರಿಕಾರರು ದೈವ-ದೆವ್ವಗಳನ್ನು ಸೇರಿಸಿದರು, 20ನೆಯ ಶತಮಾನ ರಾಷ್ಟ್ರವನ್ನು ತಂದಿತು. ಗು ಜಿಯೆಗಾಂಗ್ ತೋರಿಸಿದ ಸೂತ್ರ ನಿಂದೆಗೆ ಮಾತ್ರ ಅನ್ವಯಿಸುವುದಿಲ್ಲ. 'ಏಕೀಕರಣಕಾರ', 'ಸುಧಾರಕ' ಎಂಬ ಹೊಸ ಬಿರುದುಗಳೂ ಅದೇ ಸೂತ್ರದಂತೆ ಘಟನೆಯಿಂದ ಬಹಳ ದೂರದಲ್ಲಿ ಹುಟ್ಟಿ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿವೆ. ಎಪ್ಪತ್ತು ಅಪರಾಧಗಳ ಪಟ್ಟಿಯಂತೆ ಸದ್ಗುಣಗಳ ಪಟ್ಟಿಯನ್ನೂ ಕಾಲಾನುಕ್ರಮದಲ್ಲಿ ಯಾರಾದರೂ ಮಾಡಬೇಕಾದ ಕಾಲ ಬಂದಿದೆ.

ಪದರಗಳನ್ನೆಲ್ಲ ಕಳಚಿದರೆ ಉಳಿಯುವ ಅರಸ ಚಿಕ್ಕವನು, ಆದರೆ ಗಟ್ಟಿಯಾದವನು: ಪಿತೃಬಲಿಯ ಸರದಿ ಪಾಲಿಸಿದವನು, ಪೂರ್ವಕ್ಕೆ ತಿಂಗಳುಗಟ್ಟಲೆ ಸೈನ್ಯ ನಡೆಸಿದವನು, ಬೆನ್ನ ಹಿಂದೆ ಪಶ್ಚಿಮದಲ್ಲಿ ಬೆಳೆದ ಶಕ್ತಿಯ ಮುಂದೆ ಒಂದು ಬೆಳಗಿನ ಯುದ್ಧದಲ್ಲಿ ರಾಜ್ಯ ಕಳೆದುಕೊಂಡವನು. ಅವನ ಬಗ್ಗೆ ಇನ್ನು ಹೊಸದು ತಿಳಿಯಬೇಕಾದರೆ ಗ್ರಂಥಗಳನ್ನು ಮತ್ತೆ ಮತ್ತೆ ಜಾಲಾಡುವುದಕ್ಕಿಂತ ಶಾನ್‌ಡಾಂಗ್‌ನ ನೆಲ ಹೆಚ್ಚು ನೆರವಾದೀತು. ಜಿನಾನ್ ಬಳಿಯ ದಾಶಿನ್‌ಝುವಾಂಗ್‌ನಲ್ಲಿ 2003ರಲ್ಲಿ ಸಿಕ್ಕ ಶಾಂಗ್ ಮೂಳೆಬರಹ, ತೆಂಗ್‌ಝೌ ಬಳಿಯ ಛಿಯೆನ್‌ಝಾಂಗ್‌ದಾದ ಕುಲೀನರ ಸಮಾಧಿಗಳು, ಬೊಹಾಯ್ ಕರಾವಳಿಯ ಉಪ್ಪಿನ ಬಟ್ಟಿಗಳು ಪೂರ್ವದಲ್ಲಿ ಶಾಂಗ್ ಆಳ್ವಿಕೆ ಎಷ್ಟು ಆಳಕ್ಕೆ ಇಳಿದಿತ್ತೆಂದು ಹೇಳತೊಡಗಿವೆ. ಶಾಂಗ್ ಯಾಕೆ ಬಿತ್ತು ಎಂಬ ಪ್ರಶ್ನೆ ಅರಸನ ಚಾರಿತ್ರ್ಯದಿಂದ ಬಿಡಿಸಿಕೊಂಡು ಉಪ್ಪು, ದಾರಿ, ಸೈನ್ಯಗಳ ಕಡೆಗೆ ತಿರುಗಿದರೆ ಉತ್ತರ ಸಿಗುವ ಸಾಧ್ಯತೆ ಹೆಚ್ಚು.